ವಿಯೆನ್ನಾದಲ್ಲಿ ಎದ್ದು ನಿಂತ ಮಲ್ಲಿಕಾರ್ಜುನಪ್ಪ

ಚಿತ್ರದುರ್ಗ: ಎಣ್ಣೆ ಮಿಲ್ಲಿನ ಮಹಡಿ

ಲೋಕದ ತತ್ವಜ್ಞಾನಿಗಳೆಲ್ಲ ಒಂದೇ ಕಟ್ಟಡದಲ್ಲಿ ಸೇರಿದರೆ ಏನು ಮಾಡುತ್ತಾರೆ ಎಂದು ನಾನು ಹಿಂದಿರುಗಿದಾಗಿನಿಂದ ಊರಿನವರು ಕೇಳುತ್ತಲೇ ಇದ್ದಾರೆ. ಕಾಫಿಗೆ ಸಾಲು ನಿಲ್ಲುತ್ತಾರೆ. ಕಾಫಿ ಕುಡಿದಾದ ಮೇಲೆ ಸಹಕಾರದ ಬಗ್ಗೆ ಮಾತಾಡುತ್ತಾರೆ, ಮಾತಾಡಿ ಸುಸ್ತಾಗಿ ಮತ್ತೆ ಕಾಫಿಗೆ ಸಾಲು ನಿಲ್ಲುತ್ತಾರೆ. ಇಷ್ಟನ್ನು ನೋಡಲು ವಿಯೆನ್ನಾದವರೆಗೆ ಹೋಗಬೇಕಿತ್ತೇ ಎಂದರೆ, ನನಗೇನೂ ಬೇಕಿರಲಿಲ್ಲ. ಬೇಕಾಗಿದ್ದವರು ಮಲ್ಲಿಕಾರ್ಜುನಪ್ಪ. ಅವರಿಗಾಗಿ ಈ ಕಥನ ಬರೆಯುತ್ತಿದ್ದೇನೆ.

ನಾನು ಚಿತ್ರದುರ್ಗದಲ್ಲಿ ಮುದ್ರಣಾಲಯ ಇಟ್ಟುಕೊಂಡವನು. ಮದುವೆ ಪತ್ರಿಕೆ, ಉರುಸಿನ ಕರಪತ್ರ, ಮಠದ ಪಂಚಾಂಗ ಎಲ್ಲವನ್ನೂ ಅಚ್ಚು ಹಾಕಿ ಬದುಕಿದ ಮನೆತನ ನಮ್ಮದು. ಕರಪತ್ರವನ್ನು ಪುಕ್ಕಟೆಯಾಗಿ ಅಚ್ಚು ಹಾಕಿ ಕೊಡುತ್ತೇನೆಂಬ ಒಂದೇ ಯೋಗ್ಯತೆಯ ಮೇಲೆ ನಮ್ಮ ತತ್ವ ಜಿಜ್ಞಾಸಾ ಕೂಟ ನನ್ನನ್ನು ಕಾರ್ಯದರ್ಶಿ ಮಾಡಿಕೊಂಡಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕೂ ತಾಲ್ಲೂಕಿನವರು ಪ್ರತಿ ಸೋಮವಾರ ಸಂಜೆ ಹಳೆಯ ಎಣ್ಣೆ ಮಿಲ್ಲಿನ ಮಹಡಿಯಲ್ಲಿ ಸೇರುತ್ತೇವೆ. ಸೇರುತ್ತಿದ್ದೆವು ಎನ್ನಬೇಕು. ವಾರ್ಷಿಕೋತ್ಸವದ ಬ್ಯಾನರಿನಲ್ಲಿ ತಮ್ಮ ಮುಖಂಡರ ಫೋಟೋ ಸಣ್ಣದಾಯಿತೆಂದು ಹೊಸದುರ್ಗದವರು ಸಿಡಿದು ಹೋಗಿ, ಶ್ರೀರಾಂಪುರದಲ್ಲಿ ಬೇರೆ ಕೂಟ ಕಟ್ಟಿದ್ದಾರೆ. ಅದಕ್ಕೆ ಅಖಿಲ ಎಂಬ ಪದವನ್ನೂ ಸೇರಿಸಿಕೊಂಡಿದ್ದಾರೆ. ಅಖಿಲ ಎಂದರೆ ಬಸ್ ನಿಲ್ದಾಣದ ಎದುರಿನ ಸಾಲು ಅಂಗಡಿಯವರು.

ನಮ್ಮ ಕೂಟದಲ್ಲಿ ಒಂದು ಕಟ್ಟಳೆ ಇದೆ. ಪ್ರಶ್ನೆ ಕೇಳುವವನು ನಡುವಿನ ಕಂಬದ ಬಳಿ ಎದ್ದು ನಿಂತು ಕೇಳಬೇಕು. ಉತ್ತರ ಹೇಳುವವರು ಮೊದಲು ಆ ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಕೇಳಿದವನು ‘ಹೌದು, ಅದೇ’ ಎಂದ ಮೇಲೆಯೇ ಉತ್ತರಕ್ಕೆ ಬಾಯಿ ತೆರೆಯಬೇಕು. ಉತ್ತರ ಮನಸ್ಸಿಗೆ ಒಪ್ಪುವವರೆಗೆ ಕೇಳಿದವನು ಕೂರುವಂತಿಲ್ಲ. ಸುಮ್ಮನೆ ತಲೆ ತಿನ್ನುವ ಪ್ರಶ್ನೆಗಳನ್ನು ತಡೆಯಲು ಹಿರಿಯರು ಮಾಡಿದ್ದು. ಕಾಲು ನೋಯುತ್ತದೆ ಎಂದು ಗೊತ್ತಾದರೆ ಅರ್ಧಕ್ಕರ್ಧ ಜನರ ಸಂಶಯಗಳು ತಾವಾಗಿಯೇ ನಿವಾರಣೆಯಾಗುತ್ತವೆ.

ಮಲ್ಲಿಕಾರ್ಜುನಪ್ಪನವರ ಸಂಶಯ ನಿವಾರಣೆಯಾಗಲಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ರೈತರು ಅವರು. ಹಿಂದೆ ಬಿ.ಎ.ಯಲ್ಲಿ ತತ್ವಶಾಸ್ತ್ರ ಓದಿದವರು. ಮುಂಗಾರು ಶುರುವಾದಾಗ ಕಂಬದ ಬಳಿ ನಿಂತವರು ಜೋಳ ತೆನೆಗಟ್ಟುವ ಹೊತ್ತಿಗೂ ಪ್ರತಿ ಸೋಮವಾರ ಬಂದು ನಿಲ್ಲುತ್ತಲೇ ಇದ್ದರು. ಅವರ ಹೆಂಡತಿ ಗಿರಿಜಮ್ಮನವರ ತವರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಗಿರಿಜಮ್ಮನ ತಂದೆ ತೀರಿಕೊಂಡಾಗ ಅಣ್ಣ ಮಣ್ಣು ಮಾಡಿದ ಮೇಲೆ ಸುದ್ದಿ ಮುಟ್ಟಿಸಿದ್ದ. ಮುಖ ನೋಡಲು ಸಿಗಲಿಲ್ಲ. ಆ ಹೊತ್ತು ಆಕೆ ಗಂಡನಿಂದ ಮಾತು ತೆಗೆದುಕೊಂಡರು: ತಾನು ಬದುಕಿರಲಿ ಸತ್ತಿರಲಿ, ಆ ಮನೆಯ ಹೊಸ್ತಿಲಿಗೆ ತನ್ನನ್ನು ಒಯ್ಯಬಾರದು. ಈಗ ಗಿರಿಜಮ್ಮನಿಗೆ ಮರೆವಿನ ಕಾಯಿಲೆ. ಗಂಡ ಯಾರೆಂದು ಗೊತ್ತಾಗುವುದಿಲ್ಲ. ಬೆಳಗಾದರೆ ಸೀರೆಗಳನ್ನು ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕೂತು, ಹರಿಯಬ್ಬೆಗೆ ಕರೆದುಕೊಂಡು ಹೋಗಿ ಎಂದು ಅಳುತ್ತಾರೆ.

“ಆಗಿನ ಗಿರಿಜ ಬ್ಯಾಡ ಅಂದ್ಲು, ಈಗಿನ ಗಿರಿಜ ಹೋಗಾಣ ಅಂತಾಳೆ. ನಾನು ಯಾರ ಮಾತು ನಡೆಸ್ಲಿ? ಹೇಳ್ರಿ,” ಎಂದರು ಮಲ್ಲಿಕಾರ್ಜುನಪ್ಪ.

ನಮ್ಮ ಕೂಟದ ಘನ ಪಂಡಿತರು ಒಬ್ಬೊಬ್ಬರಾಗಿ ಪ್ರಶ್ನೆಯನ್ನು ತಿರುಗಿ ಹೇಳಿದರು. ಆತ್ಮ ನಿತ್ಯವೋ ಅನಿತ್ಯವೋ ಎಂಬುದಲ್ಲವೇ ನಿಮ್ಮ ಪ್ರಶ್ನೆ ಎಂದರು ಒಬ್ಬರು. “ಅಲ್ರಿ,” ಎಂದರು ಇವರು. ನೆನಪೇ ಮಾಯೆಯಲ್ಲವೇ ಎಂದರು ಇನ್ನೊಬ್ಬರು. “ಅದೂ ಅಲ್ರಿ.” ವಕೀಲರೊಬ್ಬರು ಕರಾರಿಗೆ ಹೋಲಿಸಿ ಬೈಸಿಕೊಂಡರು. ನಾನೂ ಬಿಡಲಿಲ್ಲ, ಮಾತು ದೊಡ್ಡದೋ ಸುಖ ದೊಡ್ಡದೋ ಅಂತಲ್ಲವೇ ಎಂದೆ. “ಸಾಬ್ರೇ, ನೀವೂ ಹಿಂಗೆ ಮಾತಾಡಿದ್ರೆ ಹೆಂಗೆ?” ಎಂದರು.

ಅಂಥ ಒಂದು ಸೋಮವಾರ ಪೀಟರ್ ಎಂಬ ಬಿಳಿಯ ಪ್ರೊಫೆಸರು ಕೋಟೆ ನೋಡಲು ಬಂದವರು ಯಾರೋ ಹೇಳಿದರೆಂದು ನಮ್ಮ ಮಹಡಿ ಹತ್ತಿದರು. ದೇಶದೇಶಗಳ ತತ್ವಕೂಟಗಳ ನಡುವೆ ಸಹಕಾರ ಬೆಳೆಸುವ ಒಂದು ಮಂಡಳಿಗೆ ಸಂಚಾಲಕರಂತೆ. ಅದರ ಹೆಸರು ನಾನು ಬರೆಯುವುದಿಲ್ಲ. ಅದು ಇಡೀ ಸಾಲು ತುಂಬುವಷ್ಟು ಉದ್ದವಿದೆ, ಕೆಲಸಕ್ಕಿಂತ ಹೆಸರೇ ಹೆಚ್ಚು. ಪೀಟರ್ ಅವರಿಗೆ ಎಲ್ಲವೂ ಅದ್ಭುತ. ಕಂಬ ಅದ್ಭುತ, ನಿಂತವರು ಅದ್ಭುತ, ಕೊಟ್ಟ ಮಂಡಕ್ಕಿ ಅದ್ಭುತ. ಫೋಟೋ ಹೊಡೆದುಕೊಂಡು ಹೋದರು. ಕೆಲವು ತಿಂಗಳಿಗೆ ಮಂಡಳಿಯ ಖರ್ಚಿನಲ್ಲೇ ವಿಯೆನ್ನಾ ಸಮ್ಮೇಳನಕ್ಕೆ ಮೂವರು ಬನ್ನಿ ಎಂದು ಕರೆ ಬಂತು.

ಮಲ್ಲಿಕಾರ್ಜುನಪ್ಪ ಆ ಸುದ್ದಿ ಕೇಳಿ ನನ್ನನ್ನು ಮೆಟ್ಟಿಲ ಬಳಿ ಕರೆದು ಹೇಳಿದರು: “ಸಾಬ್ರೇ, ಪ್ರಪಂಚದಾಗೆ ಇದನ್ನ ತಿಳ್ಕಂಡೋರು ಯಾರಾರ ಇದ್ರೆ ಅಲ್ಲಿಗೇ ಬರ್ತಾರೆ, ಅಲ್ವಾ? ನಾನು ಬತ್ತೀನಿ.”

ಹಿರಿಯೂರು: ಹಾರ, ಶಾಲು

ಮೂರನೆಯವರು ನಮ್ಮ ಅಧ್ಯಕ್ಷರು, ಶಿವಮೂರ್ತಪ್ಪ. ಹಿರಿಯೂರಿನಲ್ಲಿ ಗೊಬ್ಬರ, ಬೀಜದ ಅಂಗಡಿ. ಸನ್ಮಾನ ಎಂದರೆ ಪ್ರಾಣ. ಮಾಡಿಸಿಕೊಳ್ಳಲು ಯಾರೂ ಸಿಗದಿದ್ದರೆ ಮಾಡಲಾದರೂ ಯಾರನ್ನೋ ಹುಡುಕುವವರು. ಬೆಂಗಳೂರಿಗೆ ಹೊರಟ ನಮ್ಮ ಕಾರನ್ನು ಹಿರಿಯೂರಿನಲ್ಲಿ ಅವರ ಅಂಗಡಿ ಮುಂದೆ ನಿಲ್ಲಿಸಿ ಹಾರ ಹಾಕಿದರು. ಹಾರ ತರಿಸಿದ್ದು ಅವರೇ ಎಂದು ಹೂವಿನವನು ನನ್ನೆದುರೇ ಹೇಳಿಬಿಟ್ಟ. ಪೆಟ್ಟಿಗೆಯ ತುಂಬ ಮೈಸೂರು ಪೇಟಗಳು, ಜರಿ ಶಾಲುಗಳು. “ಅಂತಾರಾಷ್ಟ್ರೀಯ ಸಂಬಂಧ ಅಂದ್ರೆ ಬರಿಗೈಲಿ ಹೋಗಾಕಾಗುತ್ತಾ?” ಎಂದರು.

ಮಲ್ಲಿಕಾರ್ಜುನಪ್ಪನ ಪೆಟ್ಟಿಗೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಬಿಳಿ ಪಂಚೆ. ಹೆಂಡತಿಯನ್ನು ನೋಡಿಕೊಳ್ಳಲು ಮಗಳು ಸುಮ ಬಿ.ದುರ್ಗಕ್ಕೆ ಬಂದಿದ್ದಳು. ಹೊರಡುವಾಗ ಗಿರಿಜಮ್ಮ ಇವರನ್ನು ಬಸ್ ಕಂಡಕ್ಟರ್ ಎಂದುಕೊಂಡು, ಹರಿಯಬ್ಬೆಗೆ ಒಂದು ಟಿಕೆಟ್ ಕೇಳಿದರಂತೆ. ಕಾರಿನಲ್ಲಿ ಇದನ್ನು ಹೇಳಿ ಅವರು ನಕ್ಕರು. ಅಧ್ಯಕ್ಷರೂ ನಕ್ಕರು, ಆಮೇಲೆ ನಗಬಾರದಿತ್ತೇನೋ ಎಂದು ನನ್ನ ಕಡೆ ನೋಡಿದರು.

ವಿಯೆನ್ನಾ: ಕೆಂಪು ದೀಪ, ಕೋಟು, ಆಲೂಗೆಡ್ಡೆ

ವಿಯೆನ್ನಾದ ಜನ ಖಾಲಿ ರಸ್ತೆಯಲ್ಲಿ ಕೆಂಪು ದೀಪಕ್ಕೆ ಕಾಯುತ್ತಾರೆ. ಎಡಕ್ಕೂ ಬಲಕ್ಕೂ ಒಂದು ಸೈಕಲ್ಲೂ ಇಲ್ಲ. ಆದರೂ ಅಜ್ಜಿಯರು, ನಾಯಿಗಳು, ಟೈ ಕಟ್ಟಿದ ಗಂಡಸರು ಎಲ್ಲರೂ ಕಲ್ಲಿನಂತೆ ನಿಂತಿರುತ್ತಾರೆ. ನಮ್ಮ ಅಧ್ಯಕ್ಷರು ಚಿತ್ರದುರ್ಗದ ಗಾಂಧಿ ವೃತ್ತ ದಾಟಿದ ಧೈರ್ಯದಲ್ಲಿ ಕೈ ಅಡ್ಡ ಹಿಡಿದು ನಡೆದೇಬಿಟ್ಟರು. ಒಬ್ಬ ಅಜ್ಜಿ ಹಿಂದಿನಿಂದ ತನ್ನ ಭಾಷೆಯಲ್ಲಿ ಬೈದಳು. ಬೈಗುಳಕ್ಕೆ ಅನುವಾದ ಬೇಕಾಗಲಿಲ್ಲ. ಅಧ್ಯಕ್ಷರು ತಿರುಗಿ ಕೈಮುಗಿದರು. ಅಭಿಮಾನಿ ಎಂದುಕೊಂಡರೋ ಏನೋ.

ಟ್ರಾಮಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮಲ್ಲಿ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಪಕ್ಕದವರ ಮನೆಯ ಸೊಸೆಯ ಸ್ವಭಾವದವರೆಗೂ ತಿಳಿದುಬಿಡುತ್ತದೆ. ಇಲ್ಲಿ ನಾಯಿಗಳೂ ಬೊಗಳದೆ ಸೀಟಿನ ಕೆಳಗೆ ಧ್ಯಾನ ಮಾಡುತ್ತವೆ. ಇಷ್ಟು ಮೌನದ ಊರಲ್ಲಿ ತತ್ವಜ್ಞಾನ ಹುಟ್ಟದೆ ಇನ್ನೇನು ಹುಟ್ಟೀತು ಎಂದು ಮೊದಲ ದಿನ ನಾನು ಗೌರವದಿಂದ ಅಂದುಕೊಂಡೆ. ಆ ಗೌರವ ಮರುದಿನ ಮಧ್ಯಾಹ್ನದವರೆಗೆ ಬಾಳಿತು.

ಸಮ್ಮೇಳನದ ಕಟ್ಟಡದ ಬಾಗಿಲಲ್ಲಿ ಕೋಟು ಬಿಚ್ಚಿ ಕೊಡಲೇಬೇಕು, ಬದಲಿಗೆ ಒಂದು ಬಿಲ್ಲೆ ಕೊಡುತ್ತಾರೆ. ನಮ್ಮಲ್ಲಿ ಗುಡಿಯ ಮುಂದೆ ಚಪ್ಪಲಿ ಬಿಡುತ್ತೇವಲ್ಲ, ಹಾಗೆ. ವ್ಯತ್ಯಾಸವೆಂದರೆ ಗುಡಿಯೊಳಗೆ ಹೋದವರಿಗೆ ಚಪ್ಪಲಿಯ ಚಿಂತೆ ಇರುತ್ತದೆ. ಇವರಿಗೆ ಯಾವ ಚಿಂತೆಯೂ ಇದ್ದಂತೆ ಕಾಣಲಿಲ್ಲ. ನಮ್ಮ ಅಧ್ಯಕ್ಷರು ಬಾಗಿಲಲ್ಲೇ ಹೊದಿಸಿದ ಜರಿ ಶಾಲುಗಳನ್ನೂ ಆ ತತ್ವಜ್ಞಾನಿಗಳು ತಣ್ಣಗೆ ಕೋಟಿನ ಜೊತೆ ಅಲ್ಲೇ ಕೊಟ್ಟು ಬಿಲ್ಲೆ ಇಸಕೊಂಡರು. ಸಂಜೆ ನೋಡಿದರೆ ಗೂಟದ ಸಾಲಿನಲ್ಲಿ ನಮ್ಮ ಅಂತಾರಾಷ್ಟ್ರೀಯ ಸಂಬಂಧಗಳೆಲ್ಲ ನೇತಾಡುತ್ತಿದ್ದವು.

ಊಟದ ವಿಷಯ ಹೇಳಿ ಮುಗಿಸುತ್ತೇನೆ. ಅವರಿಬ್ಬರು ಲಿಂಗವಂತರು, ಮಾಂಸ ಮುಟ್ಟರು. ನಾನು ಮುಟ್ಟುವವನಾದರೂ ಅಲ್ಲಿ ಕೊಯ್ದದ್ದು ನನಗೆ ಆಗದು. ಮೂವರಿಗೂ ಬೇಯಿಸಿದ ಆಲೂಗೆಡ್ಡೆಯೇ ಗತಿ. ಬೇರೆ ಬೇರೆ ದಾರಿಯಲ್ಲಿ ಹೊರಟು ಒಂದೇ ಆಲೂಗೆಡ್ಡೆಗೆ ಬಂದು ತಲುಪಿದ್ದೆವು. ಮಲ್ಲಿಕಾರ್ಜುನಪ್ಪ ಮೂರು ತಟ್ಟೆಗೂ ಚಟ್ನಿಪುಡಿ ಉದುರಿಸಿದರು. ಆ ಸಮ್ಮೇಳನದಲ್ಲಿ ನಾನು ಕಂಡ ಸಹಕಾರ ಅದೊಂದೇ.

ಮೊದಲ ಬೆಳಗು: ಪರದೆಯ ಮೇಲೆ ನಮ್ಮ ಕಂಬ

ಉದ್ಘಾಟನೆಯ ಹೊತ್ತಿಗೆ ಗೊತ್ತಾಯಿತು, ಲೋಕದಲ್ಲಿ ಇಂಥ ಮಂಡಳಿ ಇದೊಂದೇ ಅಲ್ಲವಂತೆ. ಇದರಿಂದ ಸಿಡಿದು ಹೋದ ಇನ್ನೊಂದಿದೆ. ಅದೂ ಸಹಕಾರಕ್ಕಾಗಿಯೇ ಇರುವುದಂತೆ. ಯಾಕೆ ಒಡೆಯಿತು ಎಂದು ಪಕ್ಕದ ಕನ್ನಡಕದವರನ್ನು ಕೇಳಿದೆ. ದೇಶಗಳ ಹೆಸರನ್ನು ಯಾವ ಕ್ರಮದಲ್ಲಿ ಅಚ್ಚು ಹಾಕಬೇಕು ಎಂಬ ಜಗಳ ಎಂದರು. ನನಗೆ ಥಟ್ಟನೆ ಹೊಸದುರ್ಗದವರ ಮೇಲೆ ಪ್ರೀತಿ ಉಕ್ಕಿತು. ಪಾಪ, ಅವರನ್ನು ಹಳ್ಳಿ ಬುದ್ಧಿಯವರು ಎಂದು ಬೈದಿದ್ದೆವು. ಅವರು ಅಂತಾರಾಷ್ಟ್ರೀಯ ಮಟ್ಟದಲ್ಲೇ ಇದ್ದರು.

ಆಮೇಲೆ ಪೀಟರ್ ಭಾಷಣ. ಪರದೆಯ ಮೇಲೆ ನಮ್ಮ ಎಣ್ಣೆ ಮಿಲ್ಲಿನ ಕಂಬ ಗೋಡೆಯಷ್ಟು ದೊಡ್ಡದಾಗಿ ಮೂಡಿತು. ಅದರ ಮೇಲಿನ ಬೀಡಿಯ ಹಳೇ ಜಾಹೀರಾತೂ ಓದುವಂತಿತ್ತು. ಕಂಬಕ್ಕೆ ಒರಗಿದ ಮಲ್ಲಿಕಾರ್ಜುನಪ್ಪ, ಹಿಂದೆ ಬಾಯಿ ತೆರೆದು ಮಲಗಿದ್ದ ನಮ್ಮ ಖಜಾಂಚಿ. ‘ನಿಂತು ಕೇಳುವ ಪರಂಪರೆ’ ಎಂದು ಪೀಟರ್ ಅದಕ್ಕೊಂದು ಹೆಸರಿಟ್ಟಿದ್ದರು. ಕೇಳುವವನ ದೇಹವೇ ಪ್ರಶ್ನೆಯಾಗುತ್ತದೆ, ಸಮುದಾಯ ಅದಕ್ಕೆ ಋಣಿಯಾಗುತ್ತದೆ, ಪಶ್ಚಿಮ ಇದರಿಂದ ಕಲಿಯಬೇಕು ಎಂದೆಲ್ಲ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಪ್ರಶ್ನೆ ಏನಿತ್ತು ಎಂದು ಮಾತ್ರ ಪೀಟರ್ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಮಲ್ಲಿಕಾರ್ಜುನಪ್ಪ ನನ್ನ ಕಿವಿಯಲ್ಲಿ ಕೇಳಿದರು, “ನನ್ನ ಫೋಟೋ ತೋರ್ಸಿ ಏನಂದ್ರು?”

“ನಿಮ್ಮಿಂದ ಕಲೀಬೇಕಂತೆ.”

“ಏನು ಕಲೀಬೇಕಂತೆ?”

“ನಿಂತ್ಕಳಾದು.”

“ಒಳ್ಳೇದಾತು ಬಿಡ್ರಿ. ಹಂಗಾದ್ರೆ ಕಟ್ಟಳೆ ಗೊತ್ತೈತೆ ಇವ್ರಿಗೆ,” ಎಂದರು. ಅವರ ಮುಖದಲ್ಲಿ ಕಂಡ ಭರವಸೆ ನೋಡಿ ನನಗೆ ಸಂಕಟವಾಯಿತು.

ಎರಡನೆಯ ಬೆಳಗು: ನಿಂತರು

ಮರುದಿನ ದೊಡ್ಡ ಸಭಾಂಗಣದಲ್ಲಿ ಕೊಟ್ಟ ಮಾತು ಮತ್ತು ಹೊಣೆ ಎಂಬ ವಿಷಯದ ಮೇಲೆ ಬಹಳ ದೊಡ್ಡವರೊಬ್ಬರ ಉಪನ್ಯಾಸ. ಎಷ್ಟು ದೊಡ್ಡವರೆಂದರೆ ಕಾಗದ ನೋಡಿಕೊಂಡೇ ಓದಿದರು, ಒಮ್ಮೆಯೂ ತಲೆ ಎತ್ತಲಿಲ್ಲ. ಮಲ್ಲಿಕಾರ್ಜುನಪ್ಪ ಬೆಳಗ್ಗೆಯೇ ಸ್ನಾನ, ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು ಎರಡನೇ ಸಾಲಿನಲ್ಲಿ ಕೂತಿದ್ದರು. ಉಪನ್ಯಾಸ ಮುಗಿದದ್ದೇ ಎದ್ದರು. ಮೈಕು ಬಂತು. ಅವರು ಕನ್ನಡದಲ್ಲಿ ಕೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. ಹರಿಯಬ್ಬೆ, ಸೀರೆಯ ಗಂಟು, ಆಗಿನ ಮಾತು, ಈಗಿನ ಅಳು, ಏನನ್ನೂ ಬಿಡಲಿಲ್ಲ. ಅಷ್ಟು ಒಳ್ಳೆಯ ಇಂಗ್ಲಿಷನ್ನು ನಾನು ಅದಕ್ಕೆ ಮುಂಚೆ ಆಡಿರಲಿಲ್ಲ.

ಅಧ್ಯಕ್ಷತೆ ವಹಿಸಿದ್ದವರು ಮುಗುಳ್ನಕ್ಕು, ತುಂಬ ಮನಮುಟ್ಟುವಂತಿದೆ, ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ತೆಗೆದುಕೊಳ್ಳೋಣ ಎಂದರು. ಎರಡನೆಯವರು ಎದ್ದು ತಮ್ಮದೇ ಪುಸ್ತಕದ ಬಗ್ಗೆ ಮಾತಾಡಿದರು. ಮೂರನೆಯವರು ಎರಡನೆಯವರ ಪುಸ್ತಕ ಸರಿಯಿಲ್ಲ ಎಂದರು. ದೊಡ್ಡವರು ಈ ಇಬ್ಬರಿಗೂ ಉತ್ತರ ಹೇಳಿ, ಗಡಿಯಾರ ನೋಡಿ ಕೂತುಬಿಟ್ಟರು. ಸಮಯ ಮುಗಿಯಿತು, ಮುಂದಿನ ಉಪನ್ಯಾಸ ಎಂದರು ಅಧ್ಯಕ್ಷತೆಯವರು.

ಮಲ್ಲಿಕಾರ್ಜುನಪ್ಪ ಕೂರಲಿಲ್ಲ. ಯಾಕೆ ಕೂರುತ್ತಾರೆ? ಪ್ರಶ್ನೆಯನ್ನು ಯಾರೂ ಇನ್ನೂ ತಿರುಗಿ ಹೇಳಿಯೇ ಇಲ್ಲ. ಮುಂದಿನ ಉಪನ್ಯಾಸ ಶುರುವಾಯಿತು. ಬಿಳಿ ಪಂಚೆಯ ಮನುಷ್ಯ ಎರಡನೇ ಸಾಲಿನಲ್ಲಿ ಕೈಕಟ್ಟಿ ನಿಂತೇ ಇದ್ದರು. ಹಿಂದಿನವರು ಕತ್ತು ಆಚೀಚೆ ಮಾಡಿದರು. ನಾನು ಪಂಚೆಯ ತುದಿ ಹಿಡಿದು ಜಗ್ಗಿದೆ. “ಬಿಡ್ರಿ ಸಾಬ್ರೇ, ಕಟ್ಟಳೆ ಗೊತ್ತಿರೋರೇ ಎಲ್ಲಾ. ಯೋಚ್ನೆ ಮಾಡ್ತಾ ಅವ್ರೆ,” ಎಂದರು.

ಪಕ್ಕದ ಬಾಗಿಲಿನಿಂದ ಪೀಟರ್ ಬಗ್ಗಿಕೊಂಡು ಓಡಿ ಬಂದರು. ಹಿಂದಿನ ದಿನ ಇದೇ ಭಂಗಿಯನ್ನು ಗೋಡೆಯಷ್ಟು ಮಾಡಿ ತೋರಿಸಿದ್ದ ಮನುಷ್ಯ ನನ್ನ ಬಳಿ ಮಂಡಿಯೂರಿ, “ಇವರಿಗೆ ಹುಷಾರಿಲ್ಲವೇ? ದಯವಿಟ್ಟು ಕೂರಿಸಿ,” ಎಂದು ಪಿಸುಗುಟ್ಟಿದರು. ನನಗೆ ಮೈಯೆಲ್ಲ ಉರಿಯಿತು. “ನಿಮ್ಮ ಪರಂಪರೆ ನಿಂತಿದೆ, ನೋಡಿಕೊಳ್ಳಿ,” ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಆಮೇಲೆ ನಡೆದದ್ದನ್ನು ನಂಬುವುದು ಕಷ್ಟ. ಹಿಂದಿನ ಸಾಲಿನಲ್ಲಿ ಗಡ್ಡದ ಯುವಕನೊಬ್ಬ, ಯಾವುದೋ ದಕ್ಷಿಣ ಅಮೆರಿಕದ ದೇಶದವನು, ಇವರನ್ನು ಕಂಡು ತಾನೂ ಎದ್ದು ನಿಂತು ಕೈಕಟ್ಟಿದ. ಅವನ ಪಕ್ಕದ ಹುಡುಗಿ ನಿಂತಳು. ಆಫ್ರಿಕದ ಕಡೆಯ ಒಂದು ಸಾಲು ಪೂರ್ತಿ ಎದ್ದಿತು. ತಮ್ಮ ದೇಶದ ಹೆಸರು ಪಟ್ಟಿಯ ಕೊನೆಗೆ ಹೋಗಿದೆ ಎಂದು ಒಬ್ಬರಿಗೆ ಸಿಟ್ಟು, ಮಾತಾಡಲು ಕಡಿಮೆ ಸಮಯ ಕೊಟ್ಟರೆಂದು ಇನ್ನೊಬ್ಬರಿಗೆ, ವಸತಿ ದೂರವಾಯಿತೆಂದು ಮತ್ತೊಬ್ಬರಿಗೆ. ಎಲ್ಲರೂ ತಂತಮ್ಮ ಸಿಟ್ಟಿಗೆ ತಾವು ನಿಂತು ಒಬ್ಬರಿಗೊಬ್ಬರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಕ್ಯಾಮೆರಾ ಬಂದದ್ದು ಕಂಡು ನಮ್ಮ ಶಿವಮೂರ್ತಪ್ಪನವರೂ ಎದ್ದು, ಪೇಟ ಸರಿಮಾಡಿಕೊಂಡರು. ಉಪನ್ಯಾಸಕರು ಬೆವರೊರೆಸಿಕೊಂಡು ಮುಗಿಸಿಬಿಟ್ಟರು. ಅಧ್ಯಕ್ಷತೆಯವರು ಕಾಫಿ ವಿರಾಮ ಘೋಷಿಸಿದರು. ಪ್ರತಿಭಟನೆಯವರೆಲ್ಲ ಸಾಲಾಗಿ ಕಾಫಿಗೆ ಹೋದರು.

ಖಾಲಿ ಸಭಾಂಗಣದಲ್ಲಿ ಮಲ್ಲಿಕಾರ್ಜುನಪ್ಪ ಒಬ್ಬರೇ ನಿಂತಿದ್ದರು. ಅಧ್ಯಕ್ಷರು ಹಿಗ್ಗಿ ಹೀರೇಕಾಯಿಯಾಗಿ ಓಡಿ ಬಂದರು. “ಏನಪ್ಪ ಮಲ್ಲಿಕಾರ್ಜುನ, ಭಾರೀ ಚಳವಳೀನೇ ಎಬ್ಬಿಸ್ಬಿಟ್ಟೆ! ಪೇಪರ್ನಾಗೆ ಬರುತ್ತಂತೆ!”

“ನಾನೇನು ಎಬ್ಬಿಸ್ದೆ? ನಂದೊಂದು ಪ್ರಶ್ನೆ ಇತ್ತು, ಕೇಳ್ದೆ. ಅವ್ರೆಲ್ಲಾ ಯಾಕೆ ನಿಂತ್ರು?”

“ನಿನಗೆ ಬೆಂಬಲ ಕಣಯ್ಯಾ.”

“ಬೆಂಬ್ಲ ಯಾರಿಗೆ ಬೇಕಾಗಿತ್ತು?” ಎಂದರು ಮಲ್ಲಿಕಾರ್ಜುನಪ್ಪ. “ಗಿರಿಜ ಅಲ್ಲಿ ಬಾಗಿಲಾಗೆ ಕುಂತ್ಕಂಡು ಅಳ್ತಾ ಅವ್ಳೆ. ಒಬ್ಬನಾದ್ರೂ ನನ್ನ ಪ್ರಶ್ನೆ ತಿರುಗಿ ಹೇಳಿದ್ನಾ?”

ಮಧ್ಯಾಹ್ನ: ಕಾಫಿ ಅಂಗಡಿ

ಅಲ್ಲಿಯ ಕಾಫಿ ಅಂಗಡಿಗಳಲ್ಲಿ ಒಂದು ಕಪ್ಪಿನ ಜೊತೆ ಒಂದು ಲೋಟ ನೀರನ್ನು ತಟ್ಟೆಯಲ್ಲಿಟ್ಟು ತರುತ್ತಾರೆ. ಆಮೇಲೆ ನೀವು ಸಾಯಂಕಾಲದವರೆಗೆ ಕೂತರೂ ಯಾರೂ ಏಳಿಸುವುದಿಲ್ಲ. ತರುವವನ ಮುಖ ಮಾತ್ರ ಸಾವಿನ ಮನೆಯಿಂದ ಎದ್ದು ಬಂದವನ ಹಾಗಿರುತ್ತದೆ. ನಾನು ಮಲ್ಲಿಕಾರ್ಜುನಪ್ಪನನ್ನು ಅಂಥ ಒಂದಕ್ಕೆ ಕರೆದುಕೊಂಡು ಹೋಗಿ ಕೂರಿಸಿದೆ. ಅವರು ಕಾಫಿ ಮುಟ್ಟಲಿಲ್ಲ.

ನಮ್ಮ ಮೇಜಿಗೆ ಒಬ್ಬ ಮುದುಕಿ ಬಂದು, ಕೂರಬಹುದೇ ಎಂದರು. ಇಂಗ್ರಿಡ್ ಎಂದು ಹೆಸರು, ಉತ್ತರದ ಯಾವುದೋ ಚಳಿ ದೇಶದ ನಿವೃತ್ತ ಪ್ರಾಧ್ಯಾಪಕಿ. ಸಭಾಂಗಣದಲ್ಲಿ ಕೂತೇ ಇದ್ದ ಕೆಲವರಲ್ಲಿ ಇವರೂ ಒಬ್ಬರು. ಪೀಠಿಕೆ ಏನೂ ಇಲ್ಲದೆ ಮಲ್ಲಿಕಾರ್ಜುನಪ್ಪನ ಮುಖ ನೋಡುತ್ತ ನಿಧಾನವಾಗಿ ಹೇಳಿದರು, ನಾನು ಕನ್ನಡಕ್ಕೆ ತಿರುಗಿಸುತ್ತ ಹೋದೆ: “ನಿಮ್ಮ ಮನೆಯಲ್ಲಿ ಇಬ್ಬರು ಹೆಂಗಸರಿದ್ದಾರೆ. ಮೊದಲನೆಯವಳು ಹೊರಟುಹೋದಳು, ಹೋಗುವ ಮುಂಚೆ ಎರಡನೆಯವಳಿಗೆ ನಿಮ್ಮನ್ನು ಕಾವಲು ಹಾಕಿದಳು. ಎರಡನೆಯವಳಿಗೆ ನೀವು ಯಾರೆಂದೇ ಗೊತ್ತಿಲ್ಲ, ಆದರೂ ನಿಮ್ಮನ್ನೇ ಬೇಡುತ್ತಾಳೆ. ಇವರಲ್ಲಿ ನಿಮ್ಮ ಹೆಂಡತಿ ಯಾರು ಎಂದು ನೀವು ಕೇಳುತ್ತಿದ್ದೀರಿ.”

ಮಲ್ಲಿಕಾರ್ಜುನಪ್ಪನ ಕಣ್ಣು ತುಂಬಿತು. “ಹೌದು. ಅದೇ,” ಎಂದರು. ಮುಂಗಾರಿನಿಂದ ಈಚೆಗೆ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಹಾಗಾದರೆ ಉತ್ತರವೇನು ಎಂದು ಕೇಳಿದೆ.

ಮೊದಲನೆಯವಳ ಮಾತನ್ನೇ ನಡೆಸಬೇಕು ಎಂದು ತಾವು ಒಂದು ದಪ್ಪ ಪುಸ್ತಕ ಬರೆದಿರುವುದಾಗಿ ಇಂಗ್ರಿಡ್ ಹೇಳಿದರು. ಅದಕ್ಕೆ ಬಹುಮಾನವೂ ಬಂತಂತೆ. ಆಮೇಲೆ ಅವರ ತಾಯಿಗೇ ಈ ಕಾಯಿಲೆ ಬಂತು. ಪುಸ್ತಕದಲ್ಲಿ ಬರೆದ ಹಾಗೆಯೇ ನಡೆದುಕೊಂಡರು.

“ಆಮ್ಯಾಕೆ?” ಎಂದರು ಮಲ್ಲಿಕಾರ್ಜುನಪ್ಪ.

“ಆಮೇಲೆ ಎರಡನೆಯ ಪುಸ್ತಕ ಬರೆದೆ. ಅದು ಮೊದಲನೆಯದಕ್ಕೆ ವಿರುದ್ಧ. ಅದಕ್ಕೂ ಬಹುಮಾನ ಬಂತು.” ಆಕೆ ನೀರಿನ ಲೋಟ ಎತ್ತಿ ಪೂರ್ತಿ ಕುಡಿದರು. “ಎರಡನ್ನೂ ನಿಮಗೆ ಕಳಿಸಿಕೊಡಲೇ?”

ಬೇಡ ಎಂದು ಮಲ್ಲಿಕಾರ್ಜುನಪ್ಪ ಕೈಮುಗಿದರು. ನನಗೆ ಆ ಮುದುಕಿಯ ಮೇಲೆ ಸಿಟ್ಟು ಬಂತು, ಕನಿಕರವೂ ಬಂತು. ಎರಡು ಬಹುಮಾನಗಳ ನಡುವೆ ಒಬ್ಬ ತಾಯಿ ಸತ್ತಿದ್ದಳು.

ಕೊನೆಯ ಸಂಜೆ: ನಿರ್ಣಯ

ಮುಕ್ತಾಯ ಸಭೆಯಲ್ಲಿ ನಿರ್ಣಯ ಓದಿದರು. ದಕ್ಷಿಣದ ದೇಶಗಳ ಕೂಟಗಳು ಎದ್ದು ನಿಂತು ವ್ಯಕ್ತಪಡಿಸಿದ ಧ್ವನಿಯನ್ನು ಮಂಡಳಿ ಗಮನವಿಟ್ಟು ಆಲಿಸಿದೆ, ಸಹಕಾರವನ್ನು ಇನ್ನಷ್ಟು ಗಾಢಗೊಳಿಸಲು ಉಪಸಮಿತಿ ನೇಮಿಸಲಿದೆ ಎಂದಿತ್ತು. ಉಪಸಮಿತಿಯಲ್ಲಿ ದೇಶಗಳ ಹೆಸರಿನ ಕ್ರಮದ ಬಗ್ಗೆ ಅಲ್ಲೇ ಜಗಳ ಶುರುವಾಯಿತು. ನಮ್ಮ ಅಧ್ಯಕ್ಷರನ್ನು ಗೌರವ ಸದಸ್ಯರನ್ನಾಗಿ ಮಾಡಿದರು. ಶಿವಮೂರ್ತಪ್ಪನವರು ವೇದಿಕೆ ಹತ್ತಿ, ಉಳಿದಿದ್ದ ಕೊನೆಯ ಪೇಟವನ್ನು ಪೀಟರ್ ತಲೆಗಿಟ್ಟರು. ಅದು ಕಿವಿಯವರೆಗೆ ಇಳಿಯಿತು. ಅದ್ಭುತ ಎಂದರು ಪೀಟರ್, ಒಳಗಿನಿಂದ.

ಎಲ್ಲರಿಗೂ ನೆನಪಿಗೆ ಒಂದೊಂದು ಬಟ್ಟೆಯ ಚೀಲ ಕೊಟ್ಟರು. ಅದರಲ್ಲಿ ಎಲೆ ಅಡಿಕೆಯೂ ತೆಂಗಿನಕಾಯಿಯೂ ಇರಲಿಲ್ಲ. ತಾಂಬೂಲದ ಚೀಲ ಕೊಡುವ ನಮ್ಮ ಮದುವೆ ಮನೆಯವರು ಇವರಿಗಿಂತ ವಾಸಿ.

ಹರಿಯಬ್ಬೆ

ಬೆಂಗಳೂರಿನಿಂದ ಬರುವಾಗ ಅಧ್ಯಕ್ಷರು ಫೋನಿನಲ್ಲಿ ತಮ್ಮ ಫೋಟೋ ಹುಡುಕುತ್ತಿದ್ದರು. ಹಿರಿಯೂರು ಹತ್ತಿರವಾದಾಗ ಸುಮಳ ಫೋನ್ ಬಂತು. ಮಲ್ಲಿಕಾರ್ಜುನಪ್ಪನ ಮುಖ ಕಪ್ಪಿಟ್ಟಿತು. ಸುಮ ಬೆಳಗ್ಗೆ ತಾಯಿಯ ಅಳು ನೋಡಲಾರದೆ, ಬಾಡಿಗೆ ಕಾರು ಮಾಡಿಕೊಂಡು ಆಕೆಯನ್ನು ಹರಿಯಬ್ಬೆಗೆ ಕರೆದುಕೊಂಡು ಹೋಗಿದ್ದಳು.

“ಯಾರನ್ನ ಕೇಳಿ ಹೋದೆ?” ಎಂದು ಅವರು ಕೂಗಿದ್ದಕ್ಕೆ ಡ್ರೈವರ್ ಬೆಚ್ಚಿ ಕಾರು ನಿಧಾನ ಮಾಡಿದ. ಅತ್ತಲಿಂದ ಸುಮ ಹೇಳಿದ್ದು ನಮಗೂ ಕೇಳಿಸಿತು: “ಮಾತು ಕೊಟ್ಟಿದ್ದು ನೀನು ಅಪ್ಪಾಜಿ, ನಾನಲ್ಲ. ಅವ್ವ ಅಳ್ತಾ ಇದ್ಲು. ಕರ್ಕಂಡು ಬಂದೆ.”

ಹರಿಯಬ್ಬೆಯ ಕಡೆ ತಿರುಗಿಸಲು ಹೇಳಿದೆವು. ದಾರಿಯುದ್ದಕ್ಕೂ ಅವರು ಒಂದೇ ಮಾತು ಹೇಳುತ್ತಿದ್ದರು, ನಾನು ಆಕೆಗೆ ಏನಂತ ಮುಖ ತೋರಿಸಲಿ ಎಂದು. ಆಕೆಗೆ ನಿಮ್ಮ ಮುಖವೇ ಗೊತ್ತಿಲ್ಲವಲ್ಲ ಎಂದು ಅಧ್ಯಕ್ಷರು ಸಮಾಧಾನ ಹೇಳಲು ಹೋದರು. ನಾನು ಅವರ ಕಾಲು ತುಳಿದೆ.

ಅಂಗಳದಲ್ಲಿ ಗಿರಿಜಮ್ಮ ಕುರ್ಚಿಯ ಮೇಲೆ ಕೂತಿದ್ದರು. ತಲೆ ಬಾಚಿ ಹೂ ಮುಡಿಸಿದ್ದರು. ಮುಪ್ಪಾದ ಅಣ್ಣ ಪಕ್ಕದಲ್ಲಿ ನೆಲದ ಮೇಲೆ ಕೂತು, ಆಕೆಯ ತಟ್ಟೆಗೆ ಹೋಳಿಗೆ ಮುರಿದು ಹಾಕುತ್ತ ಅಳುತ್ತಿದ್ದ. ಆಕೆ ತಿನ್ನುತ್ತಿದ್ದರು. ಅಷ್ಟು ನೆಮ್ಮದಿಯಿಂದ ತಿನ್ನುವುದನ್ನು ನೋಡಿ ಎಷ್ಟು ದಿನವಾಯಿತೋ ಎಂಬಂತೆ ಸುಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗಳನ್ನು ಬಯ್ಯಲು ಬಾಯಿ ತೆರೆದಿದ್ದ ಮಲ್ಲಿಕಾರ್ಜುನಪ್ಪ ಹಾಗೇ ನಿಂತರು.

ಗಿರಿಜಮ್ಮ ತಲೆ ಎತ್ತಿ ಅವರನ್ನು ನೋಡಿದರು. ಗುರುತು ಸಿಗಲಿಲ್ಲ. ಆದರೆ ಬಿಳಿ ಪಂಚೆಯ ಮನುಷ್ಯ ನಂಬುವಂಥವನು ಅನ್ನಿಸಿರಬೇಕು. ಅತ್ತಿತ್ತ ನೋಡಿ, ಬೆರಳು ಮಾಡಿ ಹತ್ತಿರ ಕರೆದರು. ಮಲ್ಲಿಕಾರ್ಜುನಪ್ಪ ಹೋಗಿ ಬಗ್ಗಿದರು. ಆಕೆ ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿದರೂ ನಮಗೆಲ್ಲ ಕೇಳಿಸಿತು.

“ನಾನು ಇಲ್ಲಿಗೆ ಬಂದಿದ್ದು ನಮ್ಮ ಯಜಮಾನ್ರಿಗೆ ಹೇಳ್ಬ್ಯಾಡ್ರಿ.”

“ಯಾಕಮ್ಮ?” ಎಂದರು ಅವರು.

“ಕರ್ಕಂಡು ಹೋಗಲ್ಲ ಅಂತ ನನಗೆ ಮಾತು ಕೊಟ್ಟಾರೆ, ಪಾಪ. ಗೊತ್ತಾದ್ರೆ ನೊಂದ್ಕಂತಾರೆ.”

“ಹೇಳಲ್ಲ ಬಿಡಮ್ಮ,” ಎಂದರು ಮಲ್ಲಿಕಾರ್ಜುನಪ್ಪ.

ಗಿರಿಜಮ್ಮನಿಗೆ ನಂಬಿಕೆ ಬರಲಿಲ್ಲ. ಹೋಳಿಗೆಯ ಕೈಯಲ್ಲೇ ಅವರ ತೋಳು ಹಿಡಿದುಕೊಂಡು, “ಬರೀ ಮಾತ್ನಾಗೆ ಅಂದ್ರೆ ಆಗಲ್ಲ. ಆಣೆ ಮಾಡ್ರಿ,” ಎಂದರು.

ಮಲ್ಲಿಕಾರ್ಜುನಪ್ಪ ಅಂಗಿಯೊಳಗೆ ಕೈ ಹಾಕಿ, ಕೊರಳಲ್ಲಿದ್ದ ಲಿಂಗವನ್ನು ಹಿಡಿದುಕೊಂಡು, ನಿಮ್ಮ ಯಜಮಾನರಿಗೆ ಎಂದೂ ಹೇಳುವುದಿಲ್ಲ ಎಂದು ಹೆಂಡತಿಗೆ ಆಣೆ ಮಾಡಿದರು.